ಕಾಫಿ ಕಣದಲ್ಲಿ ಒಂದು ರಾತ್ರಿ: ಕ್ಯಾಂಪಿಂಗ್ ಹಾಸಿಗೆ, ಕುರ್ಚಿಗಳ ಆಯ್ಕೆ

ಈ ವೀಡಿಯೊದಲ್ಲಿ ನೀವು ಈಗ ನೋಡುತ್ತಿರುವುದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಬಳಿಯ ನನ್ನ ಸೋದರಮಾವನ ತೋಟದ ಕಾಫಿ ಕಣ. ಹಗಲೆಲ್ಲ ಹರಡಿ ಒಣಗಿಸಿದ ಕಾಫಿಯನ್ನು ಸಂಜೆಗೆ ರಾಶಿ ಮಾಡಿ ಟಾರ್ಪಾಲು ಹೊದಿಸಿದ್ದಾರೆ. ಕಳೆದ ಜನವರಿಯಲ್ಲಿ ಇದೇ ಮೂಲೆಯಲ್ಲಿ ಟೆಂಟ್ ಹಾಕಿ ಮಲಗಿದ್ದಾಗ, ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದ್ದರೂ ರಾತ್ರಿ ಎರಡು ಗಂಟೆಗೆ ಬೆನ್ನು ತಣ್ಣಗಾಗಿ ಎಚ್ಚರವಾಯಿತು. ಹೊದಿಕೆ ಸಾಲದೆಂದು ಮೇಲೊಂದು ಕಂಬಳಿ ಎಳೆದುಕೊಂಡೆ. ಎದೆಯ ಮೇಲೆ ಬೆವರು ಮೂಡಿತೇ ಹೊರತು ಬೆನ್ನಿನ ಚಳಿ ಹೋಗಲಿಲ್ಲ. ನನ್ನ ಹೊರಳಾಟ ಕೇಳಿ ಕಣ ಕಾಯುತ್ತಿದ್ದ ಹಿರಿಯರು ಬಂದು, "ಕಂಬ್ಳಿ ಅಡಿಗೆ ಹಾಕ್ಕೊಳಿ, ಸಿಮೆಂಟು ಮೈಯ ಬಿಸಿನೆಲ್ಲ ಎಳ್ಕೊಳ್ತದೆ" ಎಂದರು. ಅವರು ಎರಡು ಗೋಣಿಚೀಲ ಹಾಸಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಮಲಗಿದ್ದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ತುಂಬಿರುವ ಮೆತ್ತೆಯಲ್ಲಿ ಹಿಡಿದಿಟ್ಟುಕೊಂಡ ಗಾಳಿಯಿಂದ. ನಾವು ಮಲಗಿದೊಡನೆ ಬೆನ್ನಿನ ಕೆಳಗಿನ ಭಾಗ ಭಾರಕ್ಕೆ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ. ಆಮೇಲೆ ನೆಲಕ್ಕೂ ಮೈಗೂ ನಡುವೆ ಶಾಖವನ್ನು ತಡೆಯುವ ಕೆಲಸ ಪೂರ್ತಿಯಾಗಿ ಹಾಸಿಗೆಯದೇ. ಆ ರಾತ್ರಿ ನಾನು ಹಾಸಿಕೊಂಡಿದ್ದು ಒಳಗೆ ಬರಿಯ ಗಾಳಿಯಷ್ಟೇ ಇದ್ದ, ಮೆತ್ತಗಿನ, ದಪ್ಪನೆಯ ಏರ್ ಮ್ಯಾಟ್ರೆಸ್. ಅದರ ಟೊಳ್ಳಿನಲ್ಲಿ ಗಾಳಿ ಸುತ್ತಾಡುತ್ತಾ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತಿತ್ತು. ದಪ್ಪವಿದ್ದರೆ ಬೆಚ್ಚಗಿರುತ್ತದೆ ಎಂದು ನಂಬಿ ಮೋಸಹೋಗುವುದು ಇಲ್ಲಿಯೇ.

ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದ್ದು ಆರ್-ವ್ಯಾಲ್ಯೂ, ಅಂದರೆ ಶಾಖ ಹರಿಯುವುದನ್ನು ಹಾಸಿಗೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಹಿಂದೆ ಒಬ್ಬೊಬ್ಬ ತಯಾರಕರು ಒಂದೊಂದು ರೀತಿಯಲ್ಲಿ ಅಳೆಯುತ್ತಿದ್ದುದರಿಂದ ಹೋಲಿಸಿ ನೋಡುವುದೇ ಕಷ್ಟವಾಗಿತ್ತು. ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಎಂಬ ಸಂಸ್ಥೆಯಿಂದ 2018ರಲ್ಲಿ ಬಂದ ಎಫ್3340 ಮಾನದಂಡದಿಂದ ಆ ತೊಡಕು ಬಹುಮಟ್ಟಿಗೆ ನೀಗಿತು. ಸಂಖ್ಯೆ ಹೆಚ್ಚಿದಷ್ಟೂ ಬೆಚ್ಚಗೆ. ನಮ್ಮ ಮಲೆನಾಡಿನ ಚಳಿಗಾಲಕ್ಕೆ 2ರಿಂದ 3 ಇದ್ದರೆ ಸಾಕೆಂಬುದು ನನ್ನ ಅನುಭವ. ಹಿಮದ ನಾಡಿಗೆ ಬೇಕಾಗುವ 5, 6ರ ಹಾಸಿಗೆಗೆ ಇಲ್ಲಿ ದುಡ್ಡು ಸುರಿಯಬೇಕಾಗಿಲ್ಲ. ಒಂದರ ಮೇಲೊಂದು ಹಾಸಿದಾಗ ಎರಡರ ಮೌಲ್ಯವೂ ಕೂಡಿಕೊಳ್ಳುತ್ತದೆ ಎಂಬುದು ಇನ್ನೊಂದು ಅನುಕೂಲ. ಗೋಣಿ, ಚಾಪೆ, ಕಂಬಳಿಯ ಲೆಕ್ಕವೂ ಇದೇ.

ಪರದೆಯ ಎಡಗಡೆ ಇರುವುದು ಮಡಚುವ ಫೋಮ್ ಮ್ಯಾಟ್. ಇದರ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ, ಪಂಕ್ಚರ್ ಎಂಬ ಮಾತೇ ಇಲ್ಲ. ಚಿಗುರು ಕತ್ತರಿಸಿದ ಕಾಫಿ ಗಿಡಗಳ ಮೊನಚು ಕಡ್ಡಿಗಳು ಬಿದ್ದಿರುವ ತೋಟದ ನೆಲದಲ್ಲಿ ಇದು ಸಣ್ಣ ಗುಣವಲ್ಲ. ಆದರೆ ಮಗ್ಗುಲಾಗಿ ಮಲಗುವವರ ಸೊಂಟಕ್ಕೆ, ಭುಜಕ್ಕೆ ನೆಲ ಒತ್ತುತ್ತದೆ. ಬಲಗಡೆಯದು ತಾನೇ ಗಾಳಿ ತುಂಬಿಕೊಳ್ಳುವ ಹಾಸಿಗೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹಿಂದೆ ವಿಮಾನ ತಯಾರಿಸುವ ಬೋಯಿಂಗ್‌ನಲ್ಲಿದ್ದ ಎಂಜಿನಿಯರುಗಳು ಥರ್ಮರೆಸ್ಟ್ ಹೆಸರಿನಲ್ಲಿ ಇಂಥದ್ದನ್ನು ರೂಪಿಸಿದರು. ವಾಲ್ವ್ ತಿರುಗಿಸಿದರೆ ಒಳಗಿನ ಸ್ಪಂಜು ಹಿಗ್ಗಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಸ್ಪಂಜೇ ಗಾಳಿ ಸುತ್ತಾಡದಂತೆಯೂ ತಡೆಯುತ್ತದೆ. ಈ ಸಲ ಕೆಳಗೆ ಫೋಮ್, ಮೇಲೆ ಇದನ್ನು ಹಾಸಿದ್ದೇನೆ.

ಕುರ್ಚಿಯ ಮಾತಿಗೆ ಬಂದರೆ, ಅದನ್ನು ಯಾರು ಹೊರುತ್ತಾರೆ, ಯಾರು ಕೂರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಬೇಕು. ಅಲ್ಯೂಮಿನಿಯಂ ಕೊಳವೆಗಳೊಳಗೆ ಎಲಾಸ್ಟಿಕ್ ದಾರವಿರುವ ಕುರ್ಚಿ ಸುಮಾರು ಒಂದು ಕಿಲೋ ತೂಗುತ್ತದೆ, ಬ್ಯಾಗಿನಲ್ಲಿ ಮುದುಡಿ ಕೂರುತ್ತದೆ. ಎತ್ತಿನಭುಜ ಬೆಟ್ಟದಂಥ ಚಾರಣಕ್ಕೆ ಅದನ್ನೂ ಒಯ್ಯುವುದಿಲ್ಲ. ಬಂಡೆಯ ಮೇಲೆ ಕೂರಲು ಅಂಗೈ ಎರಡರಗಲದ ಫೋಮ್ ತುಂಡು ನನಗೆ ಸಾಕು. ಕಾರು ಹೋಗುವ ಕಡೆಗಾದರೆ ಅಮ್ಮನಿಗಾಗಿ ಕೈಯಾಸರೆಯಿರುವ ಎತ್ತರದ ಸ್ಟೀಲ್ ಕುರ್ಚಿಯನ್ನೇ ಹಾಕಿಕೊಳ್ಳುತ್ತೇನೆ. ಹಗುರವಾದ ಕುರ್ಚಿಗಳು ಬಹುಪಾಲು ನೆಲಕ್ಕೆ ಹತ್ತಿರ ಇರುತ್ತವೆ. ಮಂಡಿನೋವಿರುವ ಅಮ್ಮ ಅದರಿಂದ ಏಳಲಾರದೆ ನನ್ನ ಕೈಗಾಗಿ ಕಾದು ಕುಳಿತದ್ದನ್ನು ನೋಡಿದ ಮೇಲೆ ನಾಲ್ಕು ಕಿಲೋ ತೂಕ ಭಾರವೆನಿಸಿಲ್ಲ.

ಹಗುರ ಕುರ್ಚಿಯ ಇನ್ನೊಂದು ತೊಂದರೆ ಅದರ ಕಾಲು. ಬಿಸಿಲೆ ಘಾಟಿಯ ಕಡೆ ಮಳೆ ಬಿದ್ದ ಮರುದಿನ ನೋಡಿ: ಕುಳಿತ ಕ್ಷಣವೇ ಹಿಂದಿನ ಎರಡು ಕಾಲು ಮಣ್ಣಿನೊಳಗೆ ಇಳಿದು ಕುರ್ಚಿ ಹಿಂದಕ್ಕೆ ವಾಲುತ್ತದೆ. ನಾಣ್ಯದಗಲದ ತುದಿಯ ಮೇಲೆ ಮೈಭಾರವೆಲ್ಲ ಬಿದ್ದರೆ ಮೆದುಮಣ್ಣು ತಡೆಯುವುದಿಲ್ಲ. ಇದಕ್ಕೆಂದೇ ಅಗಲವಾದ ಹಾಸು ಮಾರುತ್ತಾರೆ, ಕೆಲವರು ಟೆನಿಸ್ ಚೆಂಡು ಸಿಕ್ಕಿಸುತ್ತಾರೆ. ನಾನು ಒಣ ಅಡಿಕೆ ಹಾಳೆಯ ಬುಡದ ಗಟ್ಟಿ ಭಾಗವನ್ನು ಗೇಣಗಲ ಕತ್ತರಿಸಿ, ಎರಡು ಪದರ ಮಾಡಿ ಪ್ರತಿ ಕಾಲಿನ ಕೆಳಗೆ ಇಡುತ್ತೇನೆ. ಹತ್ತಿರದಿಂದ ತೋರಿಸುತ್ತಿದ್ದೇನೆ, ನೋಡಿ: ತುದಿ ಕೂತ ಕಡೆ ಹಾಳೆ ಸ್ವಲ್ಪ ತಗ್ಗಿದೆ, ಆದರೆ ಕಾಲು ಕೆಳಗಿಳಿದಿಲ್ಲ.

ಮನೆಗೆ ಮರಳಿದ ಮೇಲೆ ಸ್ಪಂಜಿನ ಹಾಸಿಗೆಯನ್ನು ಸುತ್ತಿಡಬೇಡಿ. ವಾಲ್ವ್ ತೆರೆದು, ಬಿಡಿಸಿ, ಮಂಚದ ಕೆಳಗೆ ಹಾಗೆಯೇ ಇಡಿ, ಇಲ್ಲವಾದರೆ ಸ್ಪಂಜು ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಬಾಯಿಂದ ಊದಿದ ಹಾಸಿಗೆಯೊಳಗೆ ಉಸಿರಿನ ತೇವ ಉಳಿಯುವುದರಿಂದ ನಮ್ಮ ಮಳೆಗಾಲದಲ್ಲಿ ಒಳಗೇ ಬೂಸ್ಟು ಹಿಡಿಯಬಹುದು. ಅದಕ್ಕಾಗಿ ಗಾಳಿ ತುಂಬುವ ಚೀಲವನ್ನೇ ಬಳಸುತ್ತೇನೆ.