ಹೆಡ್‌ಫೋನ್ ಕೆಟ್ಟಿಲ್ಲ, ಯಾರ ಜೊತೆಗಿದೆ ನೋಡಿ

ಕೇಳುಗರಿಗೆ ನಮಸ್ಕಾರ.

ಮಕ್ಕಳು ಬೆಂಗಳೂರಿನಿಂದ ತಂದುಕೊಟ್ಟ ವೈರ್ ಇಲ್ಲದ ಹೆಡ್‌ಫೋನು ಈಗ ಕೊಡಗಿನ ಎಷ್ಟೋ ಮನೆಗಳಲ್ಲಿದೆ. ತಂದ ದಿನ ಚೆನ್ನಾಗಿ ಹಾಡುತ್ತದೆ. ಮಕ್ಕಳು ವಾಪಸು ಬಸ್ ಹತ್ತಿದ ಮೇಲೆ ಒಂದು ದಿನ ಮೂಕವಾಗುತ್ತದೆ. ಆಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಭಾಗಮಂಡಲದಿಂದಲೋ ಸೋಮವಾರಪೇಟೆಯಿಂದಲೋ ಮಳೆಯಲ್ಲಿ ನೆನೆಯುತ್ತಾ ನನ್ನ ರಿಪೇರಿ ಅಂಗಡಿಗೆ ಬರುತ್ತಾರೆ. ಮೇಜಿನ ಮೇಲಿಟ್ಟು, "ಕೆಟ್ಟುಹೋಗಿದೆ" ಎನ್ನುತ್ತಾರೆ. ನಾನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. "ಇದು ಈಗ ಯಾರ ಫೋನಿನ ಜೊತೆಗಿದೆ?" ಎಂದು ಕೇಳುತ್ತೇನೆ. ಬಹಳ ಜನ ನನ್ನ ಮುಖ ನೋಡುತ್ತಾರೆ.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಹೆಡ್‌ಫೋನು ಸುಮ್ಮನಾದರೆ ಬಹಳ ಸಲ ಅದು ಕೆಟ್ಟಿರುವುದಿಲ್ಲ. ಇನ್ನೊಂದು ಫೋನಿನ ಜೊತೆ ಸೇರಿಕೊಂಡಿರುತ್ತದೆ.

ಹೆಡ್‌ಫೋನಿಗೂ ಫೋನಿಗೂ ನಡುವೆ ಇರುವುದು ಬ್ಲೂಟೂತ್ ಎಂಬ ಸಣ್ಣ ರೇಡಿಯೋ. ಸುಮಾರು 10 ಮೀಟರ್ ಅದರ ಹರವು. ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಒಮ್ಮೆ ಯಾವ ಫೋನಿಗೆ ಜೋಡಿಸಿದ್ದೀರೋ ಅದನ್ನು ಹೆಡ್‌ಫೋನು ನೆನಪಿಟ್ಟುಕೊಳ್ಳುತ್ತದೆ. ಹಳೆಯ ಯಜಮಾನನ ಸದ್ದು ಕೇಳಿದೊಡನೆ ಬಾಲ ಅಲ್ಲಾಡಿಸಿಕೊಂಡು ಓಡುವ ನಾಯಿಯ ಹಾಗೆ, ಆ ಫೋನು ಹತ್ತಿರವಿದ್ದರೆ, ಹೆಡ್‌ಫೋನು ಆನ್ ಮಾಡಿದ ತಕ್ಷಣ ನಿಮ್ಮನ್ನು ಕೇಳದೆಯೇ ಅದರ ಜೊತೆ ಹೋಗಿಬಿಡುತ್ತದೆ. ಕೆಲವು ಹೆಡ್‌ಫೋನುಗಳು ಒಂದೇ ಹೊತ್ತಿಗೆ ಎರಡು ಫೋನುಗಳನ್ನು ಹಿಡಿದುಕೊಂಡಿರುತ್ತವೆ.

ವಿರಾಜಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರ ಕಥೆ ಹೇಳುತ್ತೇನೆ. ಹಾಕಿ ಎಂದರೆ ಅವರಿಗೆ ಪ್ರಾಣ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ಮೈದಾನ ತಪ್ಪಿಸಿದವರಲ್ಲ. ಈಗ ಮೊಣಕಾಲು ಕೇಳುವುದಿಲ್ಲ, ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಆಟ ನೋಡುತ್ತಾರೆ. ಒಂದು ದಿನ ಕೋಪದಲ್ಲೇ ಅಂಗಡಿಗೆ ಬಂದರು. "ಏನಪ್ಪಾ ಇದು? ಪೆನಾಲ್ಟಿ ಕಾರ್ನರ್ ಸಿಕ್ಕಿದ ಹೊತ್ತಿಗೇ ಸರಿಯಾಗಿ ಸ್ವರ ನಿಲ್ಲುತ್ತದೆ!" ನನ್ನ ಮುಂದೆ ಕಿವಿಗೆ ಇಟ್ಟುಕೊಂಡು ನೋಡಿದರೆ ಗಂಟೆಯ ಹಾಗೆ ಕೇಳುತ್ತಿದೆ. ಅವರು ಅನುಮಾನದಿಂದಲೇ ಮನೆಗೆ ಹೋದರು. ವಾರ ಕಳೆಯುವುದರೊಳಗೆ ಮತ್ತೆ ಬಂದರು, ಈ ಸಲ ಹೆಂಡತಿಯೂ ಜೊತೆಗಿದ್ದರು. ಆ ಅಕ್ಕನ ದೂರು ಬೇರೆ: "ನನ್ನ ಮೊಬೈಲಿನ ಸ್ಪೀಕರ್ ಹೋಗಿದೆ. ಅಡುಗೆಮನೆಯಲ್ಲಿ ವಿಡಿಯೋ ಹಾಕಿದರೆ ತುಟಿ ಅಲ್ಲಾಡುತ್ತದೆ, ಮಾತು ಕೇಳುವುದಿಲ್ಲ. ಎಷ್ಟು ಜೋರು ಮಾಡಿದರೂ ಇಲ್ಲ."

ನನಗೆ ಅಲ್ಲಿಯೇ ಅರ್ಥವಾಯಿತು, ಆದರೂ ಸುಮ್ಮನಿದ್ದೆ. ಸುಬೇದಾರರಿಗೆ ಹೆಡ್‌ಫೋನು ಹಾಕಿಸಿ, ಅಕ್ಕನ ಮೊಬೈಲಿನಲ್ಲಿ ಅವರು ನೋಡುತ್ತಿದ್ದ ಕಡಂಬಿಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಮಾಡುವ ವಿಡಿಯೋ ಒತ್ತಿದೆ. ಸುಬೇದಾರರು ಹೆಡ್‌ಫೋನು ಕಿತ್ತು ಹಿಡಿದುಕೊಂಡರು. "ಯಾರೋ ಅಕ್ಕಿ ತರಿ ಎರಡು ಲೋಟ ಎನ್ನುತ್ತಿದ್ದಾರೆ!" ಸ್ವರ ಹೆಚ್ಚಾಗಲಿ ಎಂದು ಅಕ್ಕ ಅಡುಗೆಮನೆಯಲ್ಲಿ ಗುಂಡಿ ಒತ್ತಿದಷ್ಟೂ ಅದು ಜಗಲಿಯಲ್ಲಿ ಗಂಡನ ಕಿವಿಗೆ ಬೀಳಬೇಕಿತ್ತು. ಅವರೋ ಸ್ವರ ಹೋಯಿತೆಂದು ಆಗಲೇ ಹೆಡ್‌ಫೋನು ತೆಗೆದಿಟ್ಟು ಬೈಯುತ್ತಿದ್ದರು. ಆದದ್ದಿಷ್ಟು: ಹುತ್ತರಿ ಹಬ್ಬಕ್ಕೆ ಮಗ ಗಡಿಯಿಂದ ಅಮ್ಮನ ಮೊಬೈಲಿಗೆ ವಿಡಿಯೋ ಕರೆ ಮಾಡಿದ್ದಾಗ ಅಪ್ಪನಿಗೆ ಚೆನ್ನಾಗಿ ಕೇಳಲೆಂದು ಯಾರೋ ಹೆಡ್‌ಫೋನನ್ನು ಅದಕ್ಕೆ ಜೋಡಿಸಿದ್ದರು. ಆಮೇಲೆ ಯಾರೂ ಬಿಡಿಸಿರಲಿಲ್ಲ. ಮೊದಲ ಸಲ ಅಕ್ಕನ ಮೊಬೈಲು ಅಂಗಡಿಗೆ ಬಂದಿರಲಿಲ್ಲ, ಹಾಗಾಗಿ ಇಲ್ಲಿ ಎಲ್ಲವೂ ಸರಿಯಿತ್ತು. ಒಂದು ಮನೆಯ ಎರಡು ರಿಪೇರಿ, ಕಾರಣ ಒಂದೇ.

ಆದ್ದರಿಂದ ದಯವಿಟ್ಟು ಮೊದಲು ಇದನ್ನು ಮಾಡಿ. ಮನೆಯಲ್ಲಿರುವ ಬೇರೆ ಎಲ್ಲ ಫೋನು, ಟ್ಯಾಬ್, ಟಿವಿಗಳ ಬ್ಲೂಟೂತ್ ಆರಿಸಿ. ಕಪಾಟಿನಲ್ಲಿ ಅಲಾರಮ್ಮಿಗೆಂದು ಇಟ್ಟ ಹಳೆಯ ಫೋನನ್ನು ಮರೆಯಬೇಡಿ. ಈಗ ನಿಮ್ಮ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನಿನ ಹೆಸರು ಒತ್ತಿ. ಆಗಲೂ ಬಾಯಿ ಬಿಡದಿದ್ದರೆ ಆ ಹೆಸರಿನ ಪಕ್ಕದ ಗುರುತು ಮುಟ್ಟಿ, ಫರ್ಗೆಟ್ ಅಥವಾ ಅನ್‌ಪೇರ್ ಎಂದಿರುವುದನ್ನು ಒತ್ತಿ, ಹೊಸದಾಗಿ ಜೋಡಿಸಿ. ಅದಕ್ಕೂ ಬಗ್ಗದಿದ್ದರೆ ಹೆಡ್‌ಫೋನಿನ ಹಳೆಯ ನೆನಪನ್ನೆಲ್ಲ ಅಳಿಸಿ, ಅಂದರೆ ರೀಸೆಟ್ ಮಾಡಿ; ಅದರ ಗುಂಡಿ ಯಾವುದೆಂದು ಪೆಟ್ಟಿಗೆಯಲ್ಲಿ ಬಂದ ಚೀಟಿಯಲ್ಲಿರುತ್ತದೆ, ನೀವು ಅದನ್ನು ಒಲೆ ಹಚ್ಚಲು ಬಳಸಿರದಿದ್ದರೆ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದೇ ಕಿವಿಗೆ ಕೇಳುತ್ತಿದ್ದರೆ ಇನ್ನೊಂದರ ಜಾಲರಿಯಲ್ಲಿ ಕಿವಿಯ ಗುಗ್ಗೆ ಕೂತಿರಬಹುದು. ಒಣ ಮೃದು ಬ್ರಷ್ಷಿನಿಂದ ಮೆಲ್ಲನೆ ತೆಗೆಯಿರಿ, ಗುಂಡುಸೂಜಿ ಬೇಡ. ಚಾರ್ಜ್ ಆಗದಿದ್ದರೆ ಅದನ್ನಿಟ್ಟು ಚಾರ್ಜ್ ಮಾಡುವ ಕೇಸಿನೊಳಗಿನ ಪುಟ್ಟ ಲೋಹದ ಚುಕ್ಕಿಗಳನ್ನು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುವಾಗ ಅವು ಮಸುಕಾಗದೆ ಇರುತ್ತವೆಯೇ? ಒಣ ಹತ್ತಿಯಿಂದ ಒರೆಸಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ಹೆಡ್‌ಫೋನಿನ ಜೊತೆ ಡಬ್ಬಿಯಲ್ಲಿಡಿ. ನೆನೆದದ್ದನ್ನು ಅಕ್ಕಿಯಲ್ಲಿ ಹೂತಿಟ್ಟರೆ ಧೂಳು ಸೇರುತ್ತದೆ, ಅಷ್ಟೇ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಇಡಲೇಬೇಡಿ, ಒಳಗಿರುವುದು ಲಿಥಿಯಂ ಬ್ಯಾಟರಿ, ಬಿಸಿಯಾದರೆ ಅಪಾಯ.

ಸ್ವರ ತುಂಡು ತುಂಡಾಗಿ ಬಂದರೆ ವೈಫೈ ಪೆಟ್ಟಿಗೆಯಿಂದ, ಓಡುತ್ತಿರುವ ಮೈಕ್ರೋವೇವ್ ಒಲೆಯಿಂದ ದೂರ ಕುಳಿತುಕೊಳ್ಳಿ, ಬ್ಲೂಟೂತ್ ಸೇರಿ ಮೂರೂ 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಅಲೆಯ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಪೂರ್ತಿ ಚಾರ್ಜ್ ಮಾಡಿಯೂ ಅರ್ಧ ಗಂಟೆ ನಡೆಯದಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ತಲೆಯ ಮೇಲೆ ಹಾಕುವ ದೊಡ್ಡದಕ್ಕೆ ಬೇರೆ ಬ್ಯಾಟರಿ ಹಾಕಿಕೊಡಬಹುದು. ಕಿವಿಯೊಳಗೆ ಕೂರುವ ಪುಟ್ಟದನ್ನು ಬಿಚ್ಚಿದರೆ ಮತ್ತೆ ಮುಚ್ಚುವುದು ಕಷ್ಟ, ಹೊಸದೇ ಲೇಸು. ಆ ಹೊಸದನ್ನಾದರೂ ಮನೆಯ ಒಂದೇ ಫೋನಿಗೆ ಜೋಡಿಸಿ. ನಮಸ್ಕಾರ.