ಹುರಿಯುವುದು, ಕರಿಯುವುದು, ಬಾಡಿಸುವುದು

ಕೇಳುಗರಿಗೆ ನಮಸ್ಕಾರ.

ಅಡುಗೆ ಹೇಳಿಕೊಡುವಾಗ ಈಗ ಎಲ್ಲದಕ್ಕೂ ಒಂದೇ ಮಾತಾಗಿದೆ: ‘ಫ್ರೈ ಮಾಡಿ’. ರವೆ ಫ್ರೈ ಮಾಡಿ, ಈರುಳ್ಳಿ ಫ್ರೈ ಮಾಡಿ, ಹಪ್ಪಳ ಫ್ರೈ ಮಾಡಿ. ಹೊಸದಾಗಿ ಒಲೆ ಮುಂದೆ ನಿಂತವರಿಗೆ ಬಾಣಲೆಗೆ ಎಣ್ಣೆ ಎಷ್ಟು ಬಿಡಬೇಕೆಂಬುದು ಇದರಿಂದ ತಿಳಿಯುವುದಿಲ್ಲ. ಕನ್ನಡದಲ್ಲೇ ಹೇಳಿ ನೋಡಿ. ರವೆ ಹುರಿಯಿರಿ, ಈರುಳ್ಳಿ ಬಾಡಿಸಿ, ಹಪ್ಪಳ ಕರಿಯಿರಿ. ಎಣ್ಣೆಯ ಅಳತೆ ಕ್ರಿಯಾಪದದೊಳಗೇ ಕೂತಿದೆ. ಇವತ್ತು ಈ ‘ಹುರಿ’ ಎಂಬ ಮಾತನ್ನೂ ಅದರ ನೆಂಟರನ್ನೂ ನೋಡೋಣ.

ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ, ‘ಪುರಿ’ ಹುರಿಯಾಯಿತು. ಆ ಹಳೆಯ ಪಕಾರ ಮೈಸೂರು, ಬೆಂಗಳೂರು ಕಡೆಯ ಕಡ್ಲೆಪುರಿಯಲ್ಲಿ ಈಗಲೂ ಕೇಳಿಸುತ್ತದೆ. ಅದೇ ಪುರಿ ದಾವಣಗೆರೆಯಲ್ಲಿ ಮಂಡಕ್ಕಿ, ಧಾರವಾಡದಲ್ಲಿ ಚುರುಮುರಿ. ತಮಿಳಿನ ‘ಪೊರಿ’ಯೂ ಇದೇ ಕುಲದ್ದು.

ಇದೇ ಉಚ್ಚಾರದ ಬೇರೊಂದು ‘ಹುರಿ’ ಇದೆ. ಅದರ ಅರ್ಥ ಹೊಸೆದ ದಾರ, ಹಗ್ಗದ ಎಳೆ. ಹುರಿಮೀಸೆ, ಹುರಿಗಟ್ಟಿದ ಮೈ ಎನ್ನುವಾಗ ಬರುವುದು ಆ ಹುರಿ. ಇನ್ನು ‘ಉರಿ’ ಎಂದರೆ ಜ್ವಾಲೆ, ಹೊತ್ತಿಕೊಳ್ಳುವುದು. ಮಾತಿನಲ್ಲಿ ಹಕಾರ ಬಿದ್ದುಹೋಗುವ ಕಡೆಗಳಲ್ಲಿ ‘ಗೋಡಂಬಿ ಉರಿದುಕೊಳ್ಳಿ’ ಎಂದು ಬರೆದುಬಿಡುತ್ತಾರೆ. ಬರಹದಲ್ಲಿ ಅದು ತಪ್ಪು. ಉರಿಯ ಮೇಲೆ ಇಟ್ಟು ಹುರಿಯಬೇಕು. ಗೋಡಂಬಿಯೇ ಉರಿದರೆ ಉಳಿಯುವುದು ಬೂದಿ.

ಹುರಿಯುವುದೆಂದರೆ ಒಣ ಪದಾರ್ಥವನ್ನು ಒಣ ಬಾಣಲೆಯಲ್ಲಿ, ಹೆಚ್ಚೆಂದರೆ ಒಂದೆರಡು ಚಮಚ ತುಪ್ಪ ಅಥವಾ ಎಣ್ಣೆಯಲ್ಲಿ, ಕೈಬಿಡದೆ ಆಡಿಸುತ್ತ ಕಾಯಿಸುವುದು. ಉಪ್ಪಿಟ್ಟಿಗೆ ಒಂದು ಲೋಟ ರವೆಯನ್ನು ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ಹುರಿದರೆ ಸಾಕು. ಬಣ್ಣ ತಿರುಗುವ ಮೊದಲೇ ಘಮ ಬರುತ್ತದೆ, ಕಾಳು ಸೌಟಿನಿಂದ ಸಡಿಲವಾಗಿ ಜಾರುತ್ತದೆ. ಅಲ್ಲಿ ನಿಲ್ಲಿಸಿ. ಹಸಿ ರವೆಯನ್ನು ಕುದಿಯುವ ನೀರಿಗೆ ಸುರಿದರೆ ಕಾಳಿನ ಹೊರಮೈ ತಟ್ಟನೆ ಅಂಟಾಗಿ ಒಂದಕ್ಕೊಂದು ಹಿಡಿದುಕೊಂಡು ಗಂಟು ಕಟ್ಟುತ್ತದೆ. ಹುರಿದು ತೇವ ಹೋಗಿ ಜಿಡ್ಡು ಸವರಿದ ಕಾಳು ಬಿಡಿಬಿಡಿಯಾಗಿ ಅರಳುತ್ತದೆ.

ಸಾರಿನ ಪುಡಿಯಲ್ಲಿ ಈ ಮಾತಿಗೆ ಇನ್ನಷ್ಟು ಸೂಕ್ಷ್ಮ ಬೇಕು. ಧನಿಯ, ಮೆಂತ್ಯ, ಮೆಣಸು, ಜೀರಿಗೆ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಬಾರದು. ಧನಿಯ ಹದಕ್ಕೆ ಬರುವಷ್ಟರಲ್ಲಿ ಸಣ್ಣ ಜೀರಿಗೆ ಸೀದಿರುತ್ತದೆ. ಒಂದು ಬಟ್ಟಲು ಧನಿಯಕ್ಕೆ ಒಂದು ಟೀ ಚಮಚ ಮೆಂತ್ಯ ಸಾಕು. ಅದನ್ನು ಬೇರೆಯಾಗಿ, ನಸುಗೆಂಪಾಗುವ ತನಕ ಮಾತ್ರ ಹುರಿಯಿರಿ. ಕಪ್ಪಾದ ಮೆಂತ್ಯ ಇಡೀ ಡಬ್ಬಿಯ ಪುಡಿಯನ್ನು ಕಹಿ ಮಾಡುತ್ತದೆ, ಆಮೇಲೆ ಎಷ್ಟು ಬೆಲ್ಲ ಹಾಕಿದರೂ ಸರಿಹೋಗದು. ಬ್ಯಾಡಗಿ ಮೆಣಸಿನಕಾಯಿಗೆ ಅರ್ಧ ಚಮಚ ಎಣ್ಣೆ ಸವರಿ, ಉಬ್ಬಿ ಗರಿಗರಿಯಾದೊಡನೆ ತೆಗೆಯಿರಿ. ಜೀರಿಗೆಯನ್ನು ಬಿಸಿ ಮಾಡಿದರೆ ಸಾಕು. ಒಲೆ ಆರಿಸಿದ ಮೇಲೂ ಕಬ್ಬಿಣದ ಬಾಣಲೆ ಸುಡುತ್ತಲೇ ಇರುತ್ತದೆ, ಹಾಗಾಗಿ ಹುರಿದದ್ದನ್ನು ತಕ್ಷಣ ತಟ್ಟೆಗೆ ಸುರಿಯಬೇಕು. ಬಿಸಿಯಲ್ಲೇ ಪುಡಿ ಮಾಡಿದರೆ ಹಬೆ ಒಳಗೇ ನಿಂತು ಪುಡಿ ಮುದ್ದೆಗಟ್ಟುತ್ತದೆ, ಬೇಗ ಕೆಡುತ್ತದೆ.

ಬಾಡಿಸುವುದಕ್ಕೆ ಹಸಿ ಪದಾರ್ಥ ಬೇಕು: ಈರುಳ್ಳಿ, ಸೊಪ್ಪು, ಬದನೆಕಾಯಿ. ಹೂವು ಬಾಡಿದಂತೆ ಅವು ನೀರು ಬಿಟ್ಟು ಮೆತ್ತಗಾಗಬೇಕು. ಚಿಟಿಕೆ ಉಪ್ಪು ಹಾಕಿದರೆ ನೀರು ಬೇಗ ಹೊರಬರುತ್ತದೆ. ಕೆಂಪಗಾಗುವ ತನಕ ಇಟ್ಟರೆ ಅದು ಬಾಡಿಸುವ ಹದ ದಾಟಿತೆಂದೇ ಅರ್ಥ.

ಕರಿಯುವುದೆಂದರೆ ಪದಾರ್ಥ ಮುಳುಗುವಷ್ಟು ಎಣ್ಣೆ. ಕಾದಿದೆಯೇ ಎಂದು ನೋಡಲು ಒಂದು ಚೂರು ಹಿಟ್ಟು ಬಿಡಿ. ತಳದಲ್ಲೇ ಕೂತರೆ ಎಣ್ಣೆ ಇನ್ನೂ ತಣ್ಣಗಿದೆ. ಆಗ ಹಾಕಿದ ವಡೆ ಎಣ್ಣೆ ಕುಡಿಯುತ್ತದೆ. ಎಣ್ಣೆ ಹೊಗೆಯಾಡುತ್ತಿದ್ದರೆ ವಡೆಯ ಹೊರಗೆ ಕೆಂಪು, ಒಳಗೆ ಹಸಿ ಹಿಟ್ಟು. ಹದವಾಗಿ ಕಾದ ಎಣ್ಣೆಯಲ್ಲಿ ಒಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತ ಎಣ್ಣೆಯನ್ನು ಒಳಕ್ಕೆ ಬಿಡುವುದಿಲ್ಲ. ಸುತ್ತ ಏಳುವ ಗುಳ್ಳೆ ಆ ಹಬೆಯೇ. ಗುಳ್ಳೆ ಕಡಿಮೆಯಾದರೆ ಬೆಂದಿತೆಂದು ತಿಳಿಯಬಹುದು. ಕರಾವಳಿಯಲ್ಲಿ ಮೀನನ್ನು ‘ಕಾಯಿಸುತ್ತಾರೆ’. ಹಪ್ಪಳವನ್ನು ಎಣ್ಣೆಯಿಲ್ಲದೆ ಕೆಂಡದ ಮೇಲೆ ಹಿಡಿದರೆ ಅದು ‘ಸುಟ್ಟ’ ಹಪ್ಪಳ. ಬೇಡವಾದಾಗ ಸುಟ್ಟುಹೋದದ್ದಕ್ಕೆ ‘ಸೀದುಹೋಯಿತು’ ಎಂಬ ಬೇರೆ ಮಾತೇ ಇದೆ. ಎಂಥ ಅಚ್ಚುಕಟ್ಟು!

ತಡವರಿಸದೆ ಮಾತಾಡುವವರನ್ನು ‘ಅರಳು ಹುರಿದಂತೆ ಮಾತಾಡುತ್ತಾರೆ’ ಎನ್ನುತ್ತೇವೆ. ಕಾದ ಮರಳಿಗೆ ಒಂದು ಹಿಡಿ ಭತ್ತ ಹಾಕಿದರೆ ಚಟಪಟ ಎಂದು ಒಂದರ ಹಿಂದೊಂದು ಕಾಳು ಬಿಡುವಿಲ್ಲದೆ ಸಿಡಿಯುತ್ತದೆ. ಆ ಸದ್ದು ಕೇಳಿದವರು ಕಟ್ಟಿದ ನುಡಿಗಟ್ಟು ಅದು. ಮರಳು ಕಾಳನ್ನು ಎಲ್ಲ ಕಡೆಯಿಂದಲೂ ಸಮನಾಗಿ ಕಾಯಿಸುತ್ತದೆ, ಬರೀ ಬಾಣಲೆ ತಳದಲ್ಲಿ ಮಾತ್ರ ಸುಡುತ್ತದೆ. ಕಡಲೆಕಾಯಿ ಹುರಿಯುವವರು ಮರಳು ಬಳಸುವುದೂ ಅದಕ್ಕೇ.

ರಾಗಿ ಹುರಿಹಿಟ್ಟಿಗೂ ಅದೇ ನಿಯಮ. ರಾಗಿಯನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಕೆಲವು ಗಂಟೆ ಇಡಬೇಕು. ಕಾಳಿನೊಳಗೆ ಸೇರಿದ ಆ ತೇವವೇ ಹಬೆಯಾಗಿ ಕಾಳನ್ನು ಒಡೆದು ಅರಳಿಸುವುದು. ಒಣ ರಾಗಿ ಅರಳದೆ ಸೀಯುತ್ತದೆ. ಹೊರಮೈ ಒದ್ದೆಯಿದ್ದರೆ ಮರಳು ತಣ್ಣಗಾಗಿ ಕಾಳು ಸಿಡಿಯುವುದೇ ಇಲ್ಲ. ಆದ್ದರಿಂದ ನೆರಳಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಮರಳಿಗೆ ಒಂದೊಂದೇ ಹಿಡಿ ಹಾಕಿ. ಬಿಳಿಯಾಗಿ ಅರಳಿದೊಡನೆ ಜರಡಿ ಹಿಡಿದು, ಮರಳು ಪೂರಾ ಹೋದ ಮೇಲೆ ಬೀಸಬೇಕು. ಬೆಲ್ಲ, ಹಾಲು, ಒಂದು ಚೂರು ತುಪ್ಪ ಸೇರಿಸಿ ಕಲಸಿದರೆ ಹುರಿಹಿಟ್ಟನ್ನು ಮತ್ತೆ ಬೇಯಿಸಬೇಕಾಗಿಲ್ಲ, ಹಾಗೆಯೇ ತಿನ್ನಬಹುದು.

ನಮಸ್ಕಾರ.