ಸ್ಕ್ರೂಡ್ರೈವರಿನ ಮ್ಯಾಗ್ನೆಟ್‌ಗೆ ಹೆದರಬೇಡಿ

ಕೇಳುಗರಿಗೆ ನಮಸ್ಕಾರ.

ಐಟಿಐ ಮುಗಿಸಿ ರಿಪೇರಿ ಅಂಗಡಿಗೆ ಹೊಸದಾಗಿ ಸೇರಿದವರು, ಮನೆಯ ಕಂಪ್ಯೂಟರನ್ನು ತಾವೇ ಬಿಚ್ಚಿ ಧೂಳು ತೆಗೆಯುವವರು, ಊರಲ್ಲಿ ಸೈಬರ್ ಸೆಂಟರ್ ನಡೆಸುವವರು, ಇವತ್ತಿನ ಮಾತು ನಿಮಗೆ. ಕಂಪ್ಯೂಟರ್ ರಿಪೇರಿಗೆ ಮ್ಯಾಗ್ನೆಟ್ ಇರುವ ಸ್ಕ್ರೂಡ್ರೈವರ್ ಬಳಸಬಹುದೇ? ಬಳಸಬಹುದು. ಬಳಸಲೇಬೇಕು. ಮ್ಯಾಗ್ನೆಟ್‌ಗೆ ಹೆದರಬೇಡಿ, ಕೈಜಾರಿ ಬಿದ್ದ ಸ್ಕ್ರೂಗೆ ಹೆದರಿ.

"ಸಾರ್, ಮ್ಯಾಗ್ನೆಟ್ ಹತ್ತಿರ ತಂದರೆ ಡೇಟಾ ಅಳಿಸಿಹೋಗುತ್ತಂತಲ್ಲ" ಎಂದು ಇವತ್ತಿಗೂ ಕೇಳುತ್ತಾರೆ. ಈ ಭಯ ಫ್ಲಾಪಿ ಕಾಲದ್ದು. 1.44 ಎಂಬಿ ಫ್ಲಾಪಿಯ ಒಳಗಿದ್ದದ್ದು ಕಾಂತೀಯ ಪುಡಿ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆ. ಮ್ಯಾಗ್ನೆಟ್ ಉಜ್ಜಿದರೆ ಬರೆದದ್ದು ನಿಜವಾಗಿಯೂ ಹಾಳಾಗುತ್ತಿತ್ತು. ಹಳೆಯ ದಪ್ಪ ಕಲರ್ ಮಾನಿಟರಿನ ಗಾಜಿನ ಹಿಂದೆ ಸಣ್ಣ ತೂತುಗಳಿರುವ ತೆಳು ತಗಡೊಂದು ಇರುತ್ತಿತ್ತು. ಅದಕ್ಕೆ ಕಾಂತ ಹತ್ತಿದರೆ ಪರದೆಯ ಮೇಲೆ ಬಣ್ಣದ ಕಲೆ ಬೀಳುತ್ತಿತ್ತು. ಫ್ಲಾಪಿ ಹೋಯಿತು, ಆ ಮಾನಿಟರೂ ಹೋಯಿತು. ಭಯ ಮಾತ್ರ ಹಾಗೇ ಉಳಿದುಕೊಂಡಿದೆ.

ಹಾರ್ಡ್ ಡಿಸ್ಕಿನ ಕತೆ ಬೇರೆ. ಕೆಟ್ಟುಹೋದ ಒಂದು ಹಾರ್ಡ್ ಡಿಸ್ಕನ್ನು ಬಿಚ್ಚಿ ನೋಡಿ. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಓಡಾಡುವ ತೋಳು, ಆ ತೋಳಿನ ಬುಡದಲ್ಲಿ ಉಕ್ಕಿನ ಪಟ್ಟಿಗೆ ಅಂಟಿಸಿದ ನಿಯೋಡಿಮಿಯಮ್ ಮ್ಯಾಗ್ನೆಟ್. ಎಷ್ಟು ಬಲವೆಂದರೆ, ಅಂಥ ಎರಡನ್ನು ಎದುರುಬದುರು ಹಿಡಿದರೆ ಬೆರಳು ಸಿಕ್ಕಿ ಚರ್ಮ ಕೀಳುತ್ತದೆ. ಅದು ತಟ್ಟೆಯ ಪಕ್ಕದಲ್ಲೇ, ಕಾರ್ಖಾನೆಯಿಂದ ಹೊರಟ ದಿನದಿಂದ ಕೂತಿದೆ. ಡೇಟಾಕ್ಕೆ ಏನೂ ಆಗಿಲ್ಲ. ಹೀಗಿರುವಾಗ ಹೊರಗಿನ ಲೋಹದ ಕವಚದ ಆಚೆ ನಿಂತ ಸ್ಕ್ರೂಡ್ರೈವರ್ ತುದಿ ಏನು ಮಾಡೀತು? ಅದರ ಸೆಳೆತ ಸ್ವಲ್ಪ ದೂರ ಹೋಗುವಷ್ಟರಲ್ಲೇ ಕುಸಿದುಬಿಡುತ್ತದೆ. ದೂರ ಎರಡರಷ್ಟಾದರೆ ಕಾಂತಕ್ಷೇತ್ರ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇನ್ನು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ, ಪೆನ್ ಡ್ರೈವ್, ರ್‍ಯಾಮ್ ಇವೆಲ್ಲ ಮಾಹಿತಿ ಹಿಡಿದಿಡುವುದು ವಿದ್ಯುದಾವೇಶದಲ್ಲಿ. ಅಲ್ಲಿ ಮ್ಯಾಗ್ನೆಟ್‌ಗೆ ಕೆಲಸವೇ ಇಲ್ಲ.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ? ಬಿದ್ದ ಸ್ಕ್ರೂಗೆ. ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಕೇಸು ಹೇಳುತ್ತೇನೆ. ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುವುದು. ಮತ್ತೆ ಒತ್ತಿದರೆ ಅಷ್ಟೂ ಇಲ್ಲ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅರ್ಧ ಸುತ್ತು. ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಹೋಗಿದೆ ಎಂದು ಹೊಸದು ತಂದು ಹಾಕಿದರು. ಅದೇ ಅರ್ಧ ಸುತ್ತು. ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕಿದರು. ಮದರ್‌ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಾಯಿಸಿದರು. ಏನೂ ಆಗಲಿಲ್ಲ. ಕೊನೆಗೆ "ಬೋರ್ಡೇ ಹೋಗಿದೆ" ಎಂದು ಬಿಚ್ಚಿ, ಮೇಜಿನ ಮೇಲೆ ರಟ್ಟು ಹಾಸಿ, ಅದರ ಮೇಲಿಟ್ಟು ಚಾಲೂ ಮಾಡಿದರೆ ಕಂಪ್ಯೂಟರ್ ಸಲೀಸಾಗಿ ಎದ್ದಿತು! ಕ್ಯಾಬಿನೆಟ್‌ನ ಒಳಗೆ ಕೂರಿಸಿದರೆ ಸತ್ತಿತು. ಹೊರಗೆ ತೆಗೆದರೆ ಬದುಕಿತು. ಅರ್ತಿಂಗ್ ಸರಿಯಿಲ್ಲ ಎಂದು ಒಬ್ಬರು, ಸ್ವಿಚ್ ಕೆಟ್ಟಿದೆ ಎಂದು ಇನ್ನೊಬ್ಬರು. ಎರಡನೇ ಸಲ ಬೋರ್ಡ್ ಬಿಚ್ಚಿ, ಕ್ಯಾಬಿನೆಟ್ ಬೋರಲು ಹಾಕಿ ತಟ್ಟಿದಾಗ ಟಣ್ ಎಂದು ಬಿದ್ದದ್ದು ಹಾರ್ಡ್ ಡಿಸ್ಕಿನ ಒಂದು ಸ್ಕ್ರೂ.

ಅದು ಅಲ್ಲಿಗೆ ಹೋದದ್ದು ಹೇಗೆ ಗೊತ್ತೇ? ಕೆಲವು ದಿನದ ಹಿಂದೆ ಹಾರ್ಡ್ ಡಿಸ್ಕ್ ಬದಲಾಯಿಸಿದ್ದರು. ಮ್ಯಾಗ್ನೆಟ್ ಇಲ್ಲದ ಸ್ಕ್ರೂಡ್ರೈವರ್. ಕಡೆಯ ಸ್ಕ್ರೂ ಬೆರಳಿನಿಂದ ಜಾರಿತು. ಹುಡುಕಿದರು, ಸಿಗಲಿಲ್ಲ, ಡಬ್ಬಿಯಿಂದ ಇನ್ನೊಂದು ತೆಗೆದು ಹಾಕಿ ಮುಚ್ಚಿದರು. ಮದರ್‌ಬೋರ್ಡ್ ನಿಂತಿರುವುದು ಹಿತ್ತಾಳೆಯ ಗಿಡ್ಡ ಕಂಬಗಳ ಮೇಲೆ. ಬೋರ್ಡಿಗೂ ತಗಡಿಗೂ ನಡುವೆ ಸುಮಾರು 6 ಮಿಲಿಮೀಟರ್ ಸಂದು ಇರುತ್ತದೆ. ಹಾರ್ಡ್ ಡಿಸ್ಕಿನ ಸ್ಕ್ರೂ ಓರೆಯಾಗಿ ಅದರೊಳಗೆ ತೂರಿಕೊಳ್ಳಬಲ್ಲದು. ಮೊದಲಿಗೆ ಕಂಪ್ಯೂಟರ್ ಸರಿಯಾಗೇ ನಡೆಯಿತು. ಆಮೇಲೆ ಯಾರೋ ಮೇಜು ಸರಿಸಿದರು, ಸ್ಕ್ರೂ ಜಾರಿತು, ಬೋರ್ಡಿನ ಅಡಿಯಲ್ಲಿ ಮೊನಚಾಗಿ ಚಾಚಿಕೊಂಡಿರುವ ಬೆಸುಗೆ ಪಿನ್ನಿಗೂ ಕ್ಯಾಬಿನೆಟ್ ತಗಡಿಗೂ ಸೇತುವೆ ಕಟ್ಟಿತು. ಶಾರ್ಟ್ ಆದದ್ದನ್ನು ಗುರುತಿಸಿ ಎಸ್‌ಎಂಪಿಎಸ್ ತಾನಾಗಿಯೇ ಆಫ್ ಆಗುತ್ತಿತ್ತು. ಅರ್ಧ ಸುತ್ತಿನ ಗುಟ್ಟು ಅದು. ಅದು ಒಳ್ಳೆಯ ಎಸ್‌ಎಂಪಿಎಸ್, ಬೋರ್ಡ್ ಉಳಿಯಿತು. ಆ ರಕ್ಷಣೆ ಸರಿಯಾಗಿಲ್ಲದ ಅಗ್ಗದ ಮಾಲಾಗಿದ್ದರೆ ಬೋರ್ಡಿನ ತಾಮ್ರದ ಗೆರೆ ಸುಟ್ಟು ಹೋಗುತ್ತಿತ್ತು. ತುದಿಯಲ್ಲಿ ಮ್ಯಾಗ್ನೆಟ್ ಇದ್ದಿದ್ದರೆ ಆ ಸ್ಕ್ರೂ ಬೀಳುತ್ತಲೇ ಇರಲಿಲ್ಲ. ಹೊಸ ಎಸ್‌ಎಂಪಿಎಸ್ ದುಡ್ಡು ದಂಡ.

ಇನ್ನೊಂದು ವಿಷಯ. ಕಂಪ್ಯೂಟರ್ ಆಫ್ ಮಾಡಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಬೋರ್ಡಿನಲ್ಲಿ 5 ವೋಲ್ಟ್ ಓಡುತ್ತಲೇ ಇರುತ್ತದೆ. ಆ ಹೊತ್ತಲ್ಲಿ ಸ್ಕ್ರೂ ಬಿದ್ದರೂ ಶಾರ್ಟೇ. ಅದಕ್ಕೇ ಮೊದಲು ಪ್ಲಗ್ ಕಿತ್ತು, ಪವರ್ ಸ್ವಿಚ್ಚನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಬಿಚ್ಚಿ.

ಈಗ ಯಾವ ತುದಿ ಎಲ್ಲಿಗೆ. ಕ್ಯಾಬಿನೆಟ್, ಎಸ್‌ಎಂಪಿಎಸ್, ದೊಡ್ಡ ಹಾರ್ಡ್ ಡಿಸ್ಕ್ ಇವಕ್ಕೆ 6-32 ಎನ್ನುವ ದಪ್ಪ ಹಲ್ಲಿನ ಸ್ಕ್ರೂ, ಅದಕ್ಕೆ ಪಿಎಚ್2 ಅಳತೆಯ ಸ್ಟಾರ್ ತುದಿ, ಅಂದರೆ ಪ್ಲಸ್ ಆಕಾರದ್ದು. ಎರಡೂವರೆ ಇಂಚಿನ ಎಸ್‌ಎಸ್‌ಡಿ, ಡಿವಿಡಿ ಡ್ರೈವ್ ಇವಕ್ಕೆ ಎಂ3, ಅಂದರೆ 3 ಮಿಲಿಮೀಟರ್ ದಪ್ಪದ ಸ್ಕ್ರೂ, ಅದರ ಹಲ್ಲು ಸಣ್ಣದು. ಎರಡನ್ನೂ ಪಕ್ಕಪಕ್ಕ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತ ಮಾಡಿ ತಿರುಗಿಸಿದರೆ ಒಳಗಿನ ಹಲ್ಲು ಹಾಳು. ಬೋರ್ಡಿನ ಮೇಲೆ ಮಲಗುವ ಎಂ.2 ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಎಂ2 ಸ್ಕ್ರೂ, ಉದ್ದ ಸುಮಾರು 3 ಮಿಲಿಮೀಟರ್. ಅಕ್ಕಿಕಾಳಿಗಿಂತ ಚಿಕ್ಕದು. ಮ್ಯಾಗ್ನೆಟ್ ಇಲ್ಲದೆ ಅದನ್ನು ಕೂರಿಸಲು ಹೊರಟರೆ ಬೀಳುವುದು ಖಂಡಿತ. ಲ್ಯಾಪ್‌ಟಾಪ್‌ಗಳಿಗೆ ಇನ್ನೂ ಸಣ್ಣ ಪಿಎಚ್0, ಪಿಎಚ್1 ತುದಿ ಬೇಕು. ತುದಿ ಚಿಕ್ಕದಾದರೆ ಜಾರಿ ಸ್ಕ್ರೂ ತಲೆ ಸವೆಯುತ್ತದೆ, ಅದನ್ನು ಯಾವ ಮ್ಯಾಗ್ನೆಟ್ಟೂ ಸರಿಮಾಡದು. ಮೊದಲು ಕೆಳಕ್ಕೆ ಒತ್ತಿ, ಆಮೇಲೆ ತಿರುಗಿಸಿ.

ಮ್ಯಾಗ್ನೆಟ್ ಎಷ್ಟು ಬಲವಾಗಿರಬೇಕು? ಸ್ಕ್ರೂಡ್ರೈವರನ್ನು ಅಡ್ಡ ಹಿಡಿದಾಗ ತುದಿಯಲ್ಲಿ ಒಂದು 6-32 ಸ್ಕ್ರೂ ಬೀಳದೆ ನಿಂತರೆ ಸಾಕು. ನಿಲ್ಲದಿದ್ದರೆ ಮ್ಯಾಗ್ನೆಟೈಸರ್ ಎಂಬ ಸಣ್ಣ ಪ್ಲಾಸ್ಟಿಕ್ ತುಂಡು ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿ ನೋಡಿ. ಅದರ ತೂತಿನಲ್ಲಿ ತುದಿಯನ್ನು ಹಾಕಿ, ಒಂದೇ ದಿಕ್ಕಿಗೆ ನಾಲ್ಕೈದು ಸಲ ನಿಧಾನವಾಗಿ ಎಳೆದರೆ ಕಾಂತ ಹತ್ತುತ್ತದೆ. ಕಾಂತ ಬೇಡವಾದಾಗ ಹೊರಮೈಯ ಮೆಟ್ಟಿಲುಗಳಿಗೆ ಉಜ್ಜಿದರೆ ಇಳಿಯುತ್ತದೆ. ಮ್ಯಾಗ್ನೆಟ್ ತುದಿಗೆ ಕಬ್ಬಿಣದ ಪುಡಿ ಅಂಟುತ್ತದೆ. ಪ್ರತಿ ಕೆಲಸಕ್ಕೂ ಮೊದಲು ಸೆಲ್ಲೋಟೇಪ್ ಅಂಟಿಸಿ ಕಿತ್ತು ಶುಚಿ ಮಾಡಿ, ಇಲ್ಲವಾದರೆ ಆ ಪುಡಿ ಕನೆಕ್ಟರಿನೊಳಗೆ ಸೇರುತ್ತದೆ. ಹಿತ್ತಾಳೆ ಕಂಬಗಳು, ಕೆಲವು ಸ್ಟೇನ್‌ಲೆಸ್ ಸ್ಕ್ರೂಗಳು ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅವಕ್ಕೆ ಚಿಮಟ ಇಟ್ಟುಕೊಳ್ಳಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಚಾಲೂ ಇರುವ ಲ್ಯಾಪ್‌ಟಾಪನ್ನು ಸ್ಕ್ರೂ ಇಡುವ ಮ್ಯಾಗ್ನೆಟ್ ತಟ್ಟೆಯ ಮೇಲಿಟ್ಟರೆ ಪರದೆ ಆರಿಹೋಗಬಹುದು. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯುವ ಸೆನ್ಸರ್ ಅಲ್ಲಿ ಮ್ಯಾಗ್ನೆಟ್ಟನ್ನೇ ನೋಡುತ್ತಿರುತ್ತದೆ. ಡಿಸ್‌ಪ್ಲೇ ಕೇಬಲ್ ಹೋಯಿತೆಂದು ಗಾಬರಿಯಾಗಬೇಡಿ, ತಟ್ಟೆ ಸರಿಸಿ. ಲ್ಯಾಪ್‌ಟಾಪಿನೊಳಗೆ ಸ್ಕ್ರೂ ಕಳೆದರೆ ಮೊದಲು ಸ್ಪೀಕರಿನ ಬಳಿ ನೋಡಿ, ಅದರ ಮ್ಯಾಗ್ನೆಟ್‌ಗೆ ಅಂಟಿರುತ್ತದೆ. ಮಣಿಕಟ್ಟಿನಲ್ಲಿ ಕೀಲಿ ಕೊಡುವ ಎಚ್‌ಎಂಟಿ ಗಡಿಯಾರ ಇದ್ದರೆ ಬಿಚ್ಚಿಡಿ, ಒಳಗಿನ ಕೂದಲೆಳೆ ಸ್ಪ್ರಿಂಗಿಗೆ ಕಾಂತ ಹತ್ತಿದರೆ ಸಮಯ ತಪ್ಪುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಸ್ಕ್ರೂ ಇಡುವ ಮ್ಯಾಗ್ನೆಟ್ ತಟ್ಟೆಯನ್ನು, ಮ್ಯಾಗ್ನೆಟೈಸರನ್ನು ಅಂಗಿ ಜೇಬಿನಲ್ಲಿ ಇಡಲೇಬಾರದು. ಬೋರ್ಡ್ ಮುಟ್ಟುವ ಮುಂಚೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ. ಎಟಿಎಕ್ಸ್ ಎಂಬ ದೊಡ್ಡ ಅಳತೆಯ ಬೋರ್ಡಿಗೆ, ಕಂಬಗಳ ಮೇಲೆ ಸ್ಕ್ರೂ ಹಾಕಿ ಕೂರಿಸಲು, ಸಾಮಾನ್ಯವಾಗಿ 9 ತೂತು. ತೂತಿಲ್ಲದ ಜಾಗದಲ್ಲಿ ಹಿತ್ತಾಳೆ ಕಂಬ ಉಳಿದರೆ ಅದೂ ಬಿದ್ದ ಸ್ಕ್ರೂ ಮಾಡುವ ಹಾನಿಯನ್ನೇ ಮಾಡುತ್ತದೆ.

ಬಿಚ್ಚುವಾಗ ಸ್ಕ್ರೂ ಎಣಿಸಿ, ಹಾಕುವಾಗ ಎಣಿಸಿ. ಒಂದು ಕಡಿಮೆಯಾದರೆ ಡಬ್ಬಿಗೆ ಕೈ ಹಾಕಬೇಡಿ. ಕ್ಯಾಬಿನೆಟ್ ಎತ್ತಿ ನಾಲ್ಕೂ ಕಡೆ ಓರೆ ಮಾಡಿ ಕಿವಿಗೊಡಿ, ಬೋರ್ಡಿನ ಅಂಚಿನ ಸಂದಿಗೆ ಟಾರ್ಚ್ ಬಿಡಿ. ಆ ಸ್ಕ್ರೂ ಕೈಗೆ ಸಿಗುವವರೆಗೆ ಪ್ಲಗ್ ಹಾಕಬೇಡಿ.

ನಮಸ್ಕಾರ.